ಫಿಲ್ಟರ್ ಕೊಳ್ಳುವ ಮೊದಲು ನಲ್ಲಿಯಲ್ಲಿ ಬರೋದು ಯಾವ ನೀರು ಅಂತ ನೋಡಿ

ವಾಟರ್ ಫಿಲ್ಟರ್ ಮಾರುವ ಹುಡುಗನೊಬ್ಬ ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನೇ ತಂದಿದ್ದ ಆರ್‌ಓ ನೀರು, ಅಂದರೆ ಲವಣವನ್ನೂ ಸೋಸಿ ತೆಗೆದ ನೀರು. ಲೋಹದ ಕಡ್ಡಿಗಳಿದ್ದ ಪುಟ್ಟ ಯಂತ್ರವೊಂದನ್ನು ಎರಡರಲ್ಲೂ ಅದ್ದಿ ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿಗೆ ನಮ್ಮ ಲೋಟದ ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿ, ಮೇಲೆ ರಾಡಿ ಕಟ್ಟಿತು. ಅವನ ಲೋಟ ತಿಳಿಯಾಗೇ ಇತ್ತು. ‘ನೋಡಿ ಆಂಟಿ, ಇಷ್ಟು ದಿನ ನೀವು ಕುಡಿದಿದ್ದು ಇದನ್ನೇ’ ಅಂದ. ಅತ್ತೆಯವರ ಮುಖ ಸಪ್ಪಗಾಯಿತು.

ನಾನು ಅವನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ‘ಈಗ ಸ್ವಿಚ್ ಹಾಕಪ್ಪ’ ಅಂದೆ. ಅದಕ್ಕೂ ಅದೇ ಬಣ್ಣ ಬಂತು. ರಾಡಿ ಬರುವುದು ಕಬ್ಬಿಣದ ಕಡ್ಡಿಯಿಂದ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಡ್ಡಿ ಸವೆದು ತುಕ್ಕಾಗುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಮ್ಮಿ, ಹಾಗಾಗಿ ಕರೆಂಟೇ ಹರಿಯುವುದಿಲ್ಲ. ನೀರು ಕೆಟ್ಟಿದೆಯೋ ಇಲ್ಲವೋ ಅನ್ನುವುದಕ್ಕೂ ಈ ಆಟಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಗೊತ್ತುಮಾಡಿಕೊಳ್ಳುವುದು ಹೇಗೆ? ಬೆಂಗಳೂರಿನ ಮನೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು, ನೀರಿನ ಮೂಲ ಹುಡುಕಿ

ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆತು, ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾದ ಮೇಲೆ, ಹೊರವಲಯದ 110 ಹಳ್ಳಿಗಳಿಗೂ ಈ ನೀರು ತಲುಪಿಸುವ ಕೆಲಸ ನಡೆದಿದೆ. ಇದು ಸಿಹಿ ನೀರು. ಲವಣದ ತೊಂದರೆ ಇಲ್ಲ.

ಆದರೆ ನಾವು ಕುಡಿಯುವುದು ನೇರ ಪೈಪಿನ ನೀರಲ್ಲ, ಅಲ್ವಾ? ದಿನ ಬಿಟ್ಟು ದಿನ ಬರುವ ಕಾವೇರಿ ಸಂಪಿಗೆ ಬೀಳುತ್ತದೆ. ಸಾಲದಿದ್ದರೆ ಅದೇ ಸಂಪಿಗೆ ಬೋರ್‌ವೆಲ್ ನೀರು ಬಿಡುತ್ತೇವೆ, ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸುತ್ತೇವೆ. ಟ್ಯಾಂಕರಿನಲ್ಲಿ ಬರುವುದೂ ಹೆಚ್ಚಾಗಿ ಯಾರದೋ ಬೋರ್‌ವೆಲ್ ನೀರೇ. ಹಾಗಾಗಿ ಅಡುಗೆಮನೆಯ ನಲ್ಲಿಯಲ್ಲಿ ಬರುವುದು ಕಲಬೆರಕೆ ನೀರು. ಬಾಡಿಗೆ ಮನೆಯಾದರೆ ಓನರನ್ನು, ಅಪಾರ್ಟ್‌ಮೆಂಟಾದರೆ ಪಂಪ್ ನೋಡಿಕೊಳ್ಳುವವರನ್ನು ಕೇಳಿ.

ಎರಡನೆಯದು, ಮೂರು ಕಡೆ ಅಳೆಯಿರಿ

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ. ಅದನ್ನು ಅಳೆಯುವ ಪೆನ್ನಿನಂಥ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗೇಟಿನ ಹತ್ತಿರ ಕಾವೇರಿ ಬರುವ ಪೈಪು, ಸಂಪು, ಅಡುಗೆಮನೆ ನಲ್ಲಿ, ಈ ಮೂರು ಕಡೆ ಅದ್ದಿ ಬರೆದುಕೊಳ್ಳಿ. ಗೇಟಿನಲ್ಲಿ 200ರ ಆಸುಪಾಸು ಬಂದು ಅಡುಗೆಮನೆಯಲ್ಲಿ 700 ತೋರಿಸಿದರೆ, ಬೋರ್ ನೀರು ಜೋರಾಗಿಯೇ ಬೆರೆಯುತ್ತಿದೆ ಅಂತ ಅರ್ಥ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದಾಗ ಮಾತ್ರ 2000ದವರೆಗೆ ಒಪ್ಪುತ್ತಾರೆ.

ಈ ಮೀಟರನ್ನೇ ಪೂರ್ತಿ ನಂಬಬೇಡಿ. ಅದು ಅಳೆಯುವುದು ಲವಣವನ್ನು ಮಾತ್ರ. ಚರಂಡಿ ನೀರು ಬೆರೆತು ರೋಗಾಣು ತುಂಬಿದ್ದರೂ ಅದು ಆರಾಮಾಗಿ 180 ತೋರಿಸಬಹುದು.

ನೀರು ಗಡುಸೋ ಅಂತ ತಿಳಿಯಲು ಮೀಟರೂ ಬೇಡ. ಬೇಳೆ ಎಷ್ಟು ವಿಶಲ್ ಕೂಗಿಸಿದರೂ ಬೇಯದಿದ್ದರೆ, ಸೋಪು ನೊರೆ ಬಾರದಿದ್ದರೆ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿದರೆ ಗಡಸು ನೀರು. ಬಕೆಟ್‌ಗೆ ಕೆಂಪು ಕರೆ ಹಿಡಿದರೆ ಕಬ್ಬಿಣದ ಅಂಶ.

ಮೂರನೆಯದು, ಲ್ಯಾಬಿಗೆ ಕೊಡಿ

ಬೋರ್ ನೀರು ಕುಡಿಯುವವರು ಈ ಹೆಜ್ಜೆ ಬಿಡಲೇಬಾರದು. ನೈಟ್ರೇಟ್ ಮತ್ತು ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಊರೊಳಗಿನ ಬೋರ್‌ವೆಲ್‌ಗಳಿಗೆ ನೈಟ್ರೇಟ್ ಸೇರುವುದು ಹೆಚ್ಚಾಗಿ ಕೊಳಚೆ ನೀರು ಇಂಗಿ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಇದಕ್ಕೆ ರಿಯಾಯಿತಿ ಇಲ್ಲ. ಬಾಟಲಿ ಹಾಲು ಕುಡಿಯುವ ಕೂಸಿಗಂತೂ ಅಪಾಯ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತದೆ. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಹೆಚ್ಚೆಂದರೆ 1.5. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಹಲ್ಲಿನ ಮೇಲಿನ ಕಂದು ಗೆರೆ ಏನೆಂದು ಹೇಳಿಕೊಡಬೇಕಿಲ್ಲ.

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಟಿಡಿಎಸ್, ಗಡಸುತನ, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ಕೋಲಿಫಾರ್ಮ್, ಇ-ಕೋಲಿ ಇಷ್ಟು ಕೇಳಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು, ತೊಳೆದ ಪೆಪ್ಸಿ ಬಾಟಲಿ ನಡೆಯುವುದಿಲ್ಲ. ನಲ್ಲಿಯ ಬಾಯಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಒಳಗೆ ಬೆರಳು ತಾಗಿಸದೆ ಹಿಡಿಯಿರಿ. ತಣ್ಣಗಿಟ್ಟು ಅವತ್ತೇ ತಲುಪಿಸಿ.

ರಿಪೋರ್ಟಿನಲ್ಲಿ ಇ-ಕೋಲಿ ಬಂದರೆ ನೀರಿಗೆ ಮಲದ ಕೊಳಚೆ ಸೇರಿದೆ ಅಂತ ಅರ್ಥ. ಆಗ ಫಿಲ್ಟರ್ ಅಂಗಡಿಗೆ ಓಡಬೇಡಿ. ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ. ಬಿರುಕಿದೆಯಾ, ಪಕ್ಕದಲ್ಲೇ ಚರಂಡಿ ಚೇಂಬರ್ ಇದೆಯಾ? ನೀರು ನಿಂತ ಹೊತ್ತಿನಲ್ಲಿ ಖಾಲಿ ಪೈಪು, ಒಡಕಿದ್ದಲ್ಲಿ ಸುತ್ತಲಿನ ಕೊಳೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನೀರು ಬಿಟ್ಟ ಮೊದಲ ಐದು ನಿಮಿಷ ಸಂಪಿಗೆ ಬಿಡದೆ ಗಿಡಕ್ಕೆ ಹರಿಸುವುದು ಒಳ್ಳೆಯ ರೂಢಿ. ಸಂಪಿನಲ್ಲಿ ದಿನಗಟ್ಟಲೆ ನಿಂತ ನೀರಿನಲ್ಲಿ ಕ್ಲೋರಿನ್ ಕೂಡ ಉಳಿದಿರುವುದಿಲ್ಲ. ಆರು ತಿಂಗಳಿಗೊಮ್ಮೆ ಸಂಪು, ಟ್ಯಾಂಕು ಎರಡನ್ನೂ ತೊಳೆಸಿ.

ಈಗ ಫಿಲ್ಟರ್

ಬರೀ ಕಾವೇರಿ ನೀರಾದರೆ ಆರ್‌ಓ ಬೇಡ. ಮಣ್ಣು ತಡೆಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ವಾಸನೆ ಹೀರುವ ಕಾರ್ಬನ್, ರೋಗಾಣು ಕೊಲ್ಲುವ ಯುವಿ (ಅತಿನೇರಳೆ ಬೆಳಕು), ಈ ಮೂರು ಸಾಕು. ಯುವಿಗೆ ತಿಳಿ ನೀರೇ ಬೇಕು, ಕದಡಿದ ನೀರಿನಲ್ಲಿ ರೋಗಾಣು ಮಣ್ಣಿನ ಮರೆಯಲ್ಲಿ ಬದುಕಿಬಿಡುತ್ತದೆ. ಕರೆಂಟ್ ಕೈಕೊಡುವ ಕಡೆ ಯುಎಫ್, ಅಂದರೆ ತೀರಾ ಸಣ್ಣ ರಂಧ್ರಗಳ ಪೊರೆಯಲ್ಲಿ ಸೋಸುವ ಫಿಲ್ಟರ್, ಸರಿ. ಬ್ಯಾಕ್ಟೀರಿಯಾ ತಡೆಯುತ್ತದೆ, ಲವಣ ತೆಗೆಯುವುದಿಲ್ಲ. ಇದ್ಯಾವುದೂ ಬೇಡವೆಂದರೆ ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ಆದರೆ ನೈಟ್ರೇಟ್ ಇರುವ ನೀರನ್ನು ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ.

ರಿಪೋರ್ಟಿನಲ್ಲಿ ನೈಟ್ರೇಟ್, ಫ್ಲೋರೈಡ್ ಮಿತಿ ಮೀರಿದ್ದರೆ, ಟಿಡಿಎಸ್ ತೀರಾ ಜಾಸ್ತಿ ಇದ್ದರೆ ಆಗ ಆರ್‌ಓ ತೆಗೆದುಕೊಳ್ಳಿ. ಆಗಲೂ ಒಂದು ಎಚ್ಚರಿಕೆ. ರುಚಿಗೆಂದು ‘ಟಿಡಿಎಸ್ ಕಂಟ್ರೋಲರ್’ ಇಡುತ್ತಾರೆ. ಅದು ಆರ್‌ಓ ದಾಟದ ನೀರನ್ನೇ ಸ್ವಲ್ಪ ವಾಪಸ್ ಬೆರೆಸುತ್ತದೆ. ನೀವು ದುಡ್ಡು ಕೊಟ್ಟು ತೆಗೆಸಿದ ನೈಟ್ರೇಟ್ ಆ ದಾರಿಯಲ್ಲಿ ಮತ್ತೆ ಲೋಟಕ್ಕೆ ಬರುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ. ಇನ್ನು, ಬಾತ್‌ರೂಮಿಗೆ ಹಾಕಿಸುವ ವಾಟರ್ ಸಾಫ್ಟ್‌ನರ್ ಕುಡಿಯುವ ಫಿಲ್ಟರ್ ಅಲ್ಲ. ಅದು ಗಡಸುತನ ತೆಗೆದು ಸೋಡಿಯಂ ಸೇರಿಸುತ್ತದೆ, ಅಷ್ಟೇ.

ಮನೆಯ ಆರ್‌ಓ ಒಂದು ಬಿಂದಿಗೆ ಕೊಟ್ಟರೆ ಸಾಮಾನ್ಯವಾಗಿ ಎರಡು-ಮೂರು ಬಿಂದಿಗೆ ಹೊರಚೆಲ್ಲುತ್ತದೆ. ಆ ಪೈಪನ್ನು ಬಕೆಟ್‌ಗೆ ಬಿಟ್ಟು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಗಿಡಕ್ಕೆ ಹಾಕುವ ಮೊದಲು ಮೀಟರ್ ಅದ್ದಿ ನೋಡಿ. ಬೋರ್ ನೀರಿನ ಆರ್‌ಓದಿಂದ ಬರುವ ಉಪ್ಪಿಗೆ ಕುಂಡದ ಗಿಡ ಬಾಡುತ್ತದೆ.

ಕೊನೆಗೆ, ಕ್ಯಾಂಡಲ್ ಬದಲಾಯಿಸಿದ ತಾರೀಕನ್ನು ಫಿಲ್ಟರ್ ಮೇಲೇ ಮಾರ್ಕರಿನಲ್ಲಿ ಬರೆದಿಡಿ. ಸರ್ವಿಸ್‌ನವರು ಫೋನ್ ಮಾಡಿ ‘ಮೇಡಂ, ವರ್ಷ ಆಯ್ತು’ ಅಂದಾಗ ಅದನ್ನು ನೋಡಿ ಉತ್ತರ ಕೊಡಬಹುದು. ನಮ್ಮನೆಯದಕ್ಕೆ ಆಗ ಐದೇ ತಿಂಗಳಾಗಿತ್ತು.