ಹೇಂಟೆ ಹೇಂಟೆಯ ಪುಕ್ಕ ಕೀಳುತ್ತಿದ್ದರೆ

ಹೇಂಟೆಯ ಮೈ ಬೋಳಾಗಿದ್ದು ಕಂಡ ಕೂಡಲೇ ಇನ್ನೊಂದರ ಮೇಲೆ ತಪ್ಪು ಹೊರಿಸಬೇಡಿ. ಮೊದಲು ಅದನ್ನು ಹಿಡಿದು ಮಡಿಲಲ್ಲಿ ಕೂರಿಸಿಕೊಂಡು ಎಲ್ಲಿ ಬೋಳಾಗಿದೆ ನೋಡಿ. ಬೆನ್ನಿನ ಮೇಲೆ, ತಲೆಯ ಹಿಂದೆ ಮಾತ್ರ ಪುಕ್ಕ ಹೋಗಿದ್ದರೆ ಅದು ಹುಂಜದ ಕೆಲಸ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೂರಕ್ಕೊಂದು ಇದ್ದರೆ ಪಾಪ, ಅವುಗಳ ಬೆನ್ನು ಉಳಿಯುವುದಿಲ್ಲ. ಎದೆಯ ಕೆಳಗೆ ಬೋಳಾಗಿ, ಗೂಡು ಬಿಟ್ಟು ಏಳುತ್ತಲೇ ಇಲ್ಲ ಅಂದರೆ ಕಾವಿಗೆ ಕೂತಿದೆ, ತಾನೇ ಕಿತ್ತುಕೊಂಡಿದೆ. ತಲೆ ಕತ್ತಿನಿಂದ ಶುರುವಾಗಿ ಮೈಯೆಲ್ಲ ಉದುರುತ್ತಾ, ನಡುನಡುವೆ ಮುಳ್ಳಿನಂಥ ಹೊಸ ಗರಿ ಮೂಡುತ್ತಿದ್ದರೆ ಅದು ಗರಿ ಬದಲಿಸುವ ಕಾಲ. ಇದ್ಯಾವುದೂ ಅಲ್ಲ, ಬಾಲದ ಬುಡದಲ್ಲಿ, ಮೊಟ್ಟೆ ಇಡುವ ಜಾಗದ ಸುತ್ತ ಗರಿ ತುಂಡಾಗಿದೆ, ಚರ್ಮ ಕೆಂಪಗಾಗಿದೆ ಅಂದರೆ ಜೊತೆಯವೇ ಕೀಳುತ್ತಿವೆ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಅಂತ ಒಂದು ಸಾಲು ಇರುತ್ತದೆ. ಕಾಳು ಹಾಕಿದಾಗ ದೊಡ್ಡದು ಚಿಕ್ಕದರ ತಲೆಗೆ ಒಂದು ಕುಕ್ಕಿ ಓಡಿಸುತ್ತದೆ, ಅದು ಪಕ್ಕಕ್ಕೆ ಸರಿಯುತ್ತದೆ, ಅಲ್ಲಿಗೆ ಮುಗಿಯಿತು. ಅದಕ್ಕೆ ನೀವು ನಡುವೆ ಹೋಗಬೇಡಿ. ಪುಕ್ಕ ಕೀಳುವುದು ಜಗಳ ಅಲ್ಲ. ಸದ್ದಿಲ್ಲದೆ ಹಿಂದಿನಿಂದ ಬಂದು ಕಿತ್ತು ತಿನ್ನುತ್ತದೆ. ನೋಡಿ ನೋಡಿ ಬೇರೆಯವೂ ಕಲಿಯುತ್ತವೆ.

ನಮ್ಮದು ಮಲೆನಾಡು. ಇಲ್ಲಿ ಈ ತೊಂದರೆ ಕಾಣಿಸುವುದು ಹೆಚ್ಚಾಗಿ ಆಷಾಢದ ಮಳೆಯಲ್ಲಿ. ಬೇಸಿಗೆಯಲ್ಲಿ ತೋಟದ ತರಗೆಲೆ ಕೆದಕಿಕೊಂಡು ಸಂಜೆವರೆಗೆ ತಿರುಗುವ ಕೋಳಿಗಳನ್ನು ಮಳೆ ಹಿಡಿದರೆ ವಾರಗಟ್ಟಲೆ ಒಡ್ಡಿಯಲ್ಲೇ, ಅಂದರೆ ಕೋಳಿಗೂಡಿನಲ್ಲೇ, ಕೂಡಿಹಾಕುತ್ತೇವೆ. ಕೆದಕುವುದು, ಕುಕ್ಕುವುದು ಅವುಗಳ ಹುಟ್ಟುಗುಣ. ನೆಲದಲ್ಲಿ ಕುಕ್ಕಲು ಏನೂ ಇಲ್ಲದಿದ್ದರೆ ಪಕ್ಕದ್ದರ ಪುಕ್ಕ ಕಣ್ಣಿಗೆ ಬೀಳುತ್ತದೆ. ಒಂದು ಮಳೆಗಾಲದಲ್ಲಿ ನನ್ನ ಬೂದು ಹೇಂಟೆಯ ಬಾಲದ ಹತ್ತಿರ ಸಣ್ಣ ಗಾಯ ಕಂಡಿತ್ತು. ನಾಳೆ ನೋಡೋಣ, ಅವೇ ಸರಿಹೋಗುತ್ತವೆ ಅಂತ ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲಾ ಸೇರಿ ಅದನ್ನು ಕುಕ್ಕಿ ಕೊಂದಿದ್ದವು. ಆ ದೃಶ್ಯ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ರಕ್ತ ಕಂಡ ಗಳಿಗೆಯಲ್ಲೇ ಆ ಕೋಳಿಯನ್ನು ಬೇರೆ ಮಾಡಿ. ಕೆಂಪು ಬಣ್ಣ ಕಂಡರೆ ಕೋಳಿ ಕುಕ್ಕದೆ ಬಿಡುವುದಿಲ್ಲ.

ಗಾಯವನ್ನು ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ಅರಿಶಿನವನ್ನು ಬೇವಿನ ಎಣ್ಣೆಯಲ್ಲಿ ಕಲಸಿ ದಪ್ಪಗೆ ಹಚ್ಚಿ. ಮಳೆಗಾಲದಲ್ಲಿ ನೊಣ ಕೂತು ಹುಳ ಆಗುವ ಭಯ ಜಾಸ್ತಿ, ದಿನಕ್ಕೆ ಎರಡು ಸಲ ನೋಡಲೇಬೇಕು. ಹುಳ ಕಂಡರೆ ಅಥವಾ ಮಾಂಸ ಹೊರಗೆ ಬಂದಿದ್ದರೆ ಮನೆಮದ್ದು ಸಾಕಾಗುವುದಿಲ್ಲ, ಪಶು ಆಸ್ಪತ್ರೆಗೆ ಒಯ್ಯಿರಿ.

ಆಮೇಲೆ ಕಾರಣ ಹುಡುಕಿ. ಹೊಟ್ಟೆಯಿಂದ ಶುರುಮಾಡಿ. ಗರಿ ಅಂದರೆ ಬಹುಪಾಲು ಪ್ರೋಟೀನೇ. ಬರೀ ಅನ್ನ, ನುಚ್ಚು, ಅಕ್ಕಿ ತವುಡು ಹಾಕಿ ಸಾಕಿದರೆ ಅದು ಸಾಲುವುದಿಲ್ಲ. ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ನೂರಕ್ಕೆ 16ರಿಂದ 18 ಪಾಲು ಪ್ರೋಟೀನ್ ಬೇಕು. ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ, ನುಗ್ಗೆ ಸೊಪ್ಪು, ನೀರ ಮೇಲೆ ತೇಲಿ ಬೆಳೆಯುವ ಅಜೋಲ್ಲ ಸೊಪ್ಪು, ಯಾವುದು ಸಿಗುತ್ತದೋ ಅದನ್ನು ಸೇರಿಸಿ. ಬೂಸ್ಟು ಹಿಡಿದ ಹಿಂಡಿ ಮಾತ್ರ ಖಂಡಿತ ಬೇಡ, ಅದು ವಿಷ. ನಮ್ಮತ್ತೆ ಒಂದು ಹಳೇ ಮಡಕೆಗೆ ಒಣಹುಲ್ಲು, ಸಗಣಿ ತುಂಬಿ ನೀರು ಚಿಮುಕಿಸಿ ಗೆದ್ದಲು ಇರುವ ಕಡೆ ಕವುಚಿ ಇಡುತ್ತಿದ್ದರು. ಬೆಳಿಗ್ಗೆ ಎತ್ತಿ ಕೊಡವಿದರೆ ರಾಶಿ ಗೆದ್ದಲು! ಅದನ್ನು ಮೀರಿಸಿದ ತಿನಿಸು ಕೋಳಿಗಿಲ್ಲ.

ಒಡ್ಡಿಯೊಳಗೆ ತರಗೆಲೆ ಅಥವಾ ಭತ್ತದ ಹೊಟ್ಟು ಗೇಣು ದಪ್ಪಕ್ಕೆ ಹರಡಿ, ಅದರೊಳಗೆ ಒಂದು ಹಿಡಿ ರಾಗಿ ಚೆಲ್ಲಿ. ಹುಡುಕಿ ತಿನ್ನುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಹರಿವೆ ಸೊಪ್ಪಿನ ಕಟ್ಟೊಂದನ್ನು ಕೋಳಿಯ ತಲೆಗಿಂತ ಸ್ವಲ್ಪ ಮೇಲೆ ನೇತುಹಾಕಿ. ಒಂದು ಮೂಲೆಯಲ್ಲಿ ಒಲೆಯ ಬೂದಿ ಮತ್ತು ಒಣ ಮಣ್ಣು ಇಡಿ, ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ. ಮೈ ಕಡಿತ ಇರುವ ಕೋಳಿಗೆ ಸಮಾಧಾನ ಎಲ್ಲಿಂದ ಬರಬೇಕು? ರಾತ್ರಿ ಟಾರ್ಚ್ ಹಿಡಿದು ಕೂರುವ ಕೋಲಿನ ಸಂದಿಗಳನ್ನೂ ನೋಡಿ, ರಕ್ತ ಹೀರುವ ಕೆಂಪು ಹುಳ ಅಲ್ಲಿ ಅಡಗಿರುತ್ತದೆ. ಕಾಳು ನೀರು ಎರಡು ಮೂರು ಕಡೆ ಇಡಿ, ಜೋರಿನದು ಒಂದನ್ನೇ ಕಾಯಬಹುದು, ಎಲ್ಲವನ್ನೂ ಕಾಯಲಾರದು. ಒಳಗೇ ಇರುವ ದಿನಗಳಲ್ಲಿ ಒಂದಕ್ಕೆ 4 ಚದರ ಅಡಿಯಾದರೂ ಜಾಗ ಬೇಕು. ಮೊಟ್ಟೆ ಇಡುವ ಬುಟ್ಟಿ ಕತ್ತಲೆ ಮೂಲೆಯಲ್ಲಿರಲಿ. ಬೆಳಕಲ್ಲಿದ್ದರೆ ಮೊಟ್ಟೆ ಇಟ್ಟ ಕೂಡಲೇ ಹಿಂಭಾಗದ ಕೆಂಪು ಬೇರೆಯವಕ್ಕೆ ಕಾಣುತ್ತದೆ.

ಇಷ್ಟಾದರೂ ಒಂದೇ ಹೇಂಟೆ ಬಿಡದೆ ಕಾಡುತ್ತಿದ್ದರೆ ಪೆಟ್ಟು ತಿಂದದ್ದನ್ನಲ್ಲ, ಕಾಡುವುದನ್ನೇ ಮೂರು ನಾಲ್ಕು ದಿನ ಬೇರೆ ಕಡೆ ಇಡಿ. ವಾಪಸ್ ಬಂದಾಗ ಅದು ಹೊಸದಾಗಿ ಬಂದಂತೆ, ಮೊದಲಿನ ಜೋರು ಇರುವುದಿಲ್ಲ. ಕೊಕ್ಕು ಕತ್ತರಿಸಿ ಅಂತ ಕೆಲವರು ಹೇಳುತ್ತಾರೆ. ಮನೆಯ ಹತ್ತಾರು ಕೋಳಿಗೆ ಆ ನೋವು ಕೊಡಬೇಡಿ, ಹುಳ ಹೆಕ್ಕಿ ಬದುಕುವ ಕೋಳಿಗೆ ಕೊಕ್ಕೇ ಆಧಾರ ಅಲ್ವಾ.

ಸಂತೆಯಿಂದ ಹೊಸ ಕೋಳಿ ತಂದರೆ ಒಂಟಿಯಾಗಿ ತರಬೇಡಿ, ಎರಡು ಮೂರು ಇರಲಿ. ರೋಗ ಇದೆಯೇ ಅಂತ ಮೊದಲು ಬೇರೆ ಕಡೆ ಇಟ್ಟು ನೋಡಿ, ಆಮೇಲೆ ಒಂದು ವಾರ ಜಾಲರಿಯ ಆಚೆಗೆ ಕಾಣುವಂತೆ ಇಡಿ. ರಾತ್ರಿ ಎಲ್ಲಾ ಮಲಗಿದ ಮೇಲೆ ಕೋಲಿನ ಮೇಲೆ ಕೂರಿಸಿ. ಗಾಯ ವಾಸಿಯಾದ ಹೇಂಟೆಯನ್ನು ಸೇರಿಸುವುದೂ ಹೀಗೇ. ಬುಡಸಮೇತ ಕಿತ್ತ ಪುಕ್ಕ ಕೆಲವು ವಾರದಲ್ಲಿ ಮತ್ತೆ ಬರುತ್ತದೆ, ಅರ್ಧಕ್ಕೆ ತುಂಡಾದದ್ದು ಗರಿ ಬದಲಿಸುವ ಕಾಲದವರೆಗೆ ಹಾಗೇ ಇರುತ್ತದೆ. ಹೊಸ ಗರಿಯ ಬುಡದಲ್ಲಿ ರಕ್ತ ತುಂಬಿರುತ್ತದೆ, ಅದು ಪೂರ್ತಿ ಬೆಳೆಯುವವರೆಗೂ ದಿನಾ ಸಂಜೆ ಒಡ್ಡಿ ಮುಚ್ಚುವ ಮುಂಚೆ ಒಮ್ಮೆ ಬಾಲ ಎತ್ತಿ ನೋಡಿ.