ಕಿಕ್ಕರ್ ಆಟದಲ್ಲಿ ಜೆಟ್ ಶಾಟ್: ಕೈ ಸಡಿಲ ಬಿಟ್ಟ ನನ್ನ ಅನುಭವ

ಬೆಂಗಳೂರಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಆಡುತ್ತಿದ್ದ, ಮೇಜಿನ ಮೇಲೆ ರಾಡಿಗೆ ಸಿಕ್ಕಿಸಿದ ಗೊಂಬೆಗಳಿಂದ ಬಾಲ್ ಹೊಡೆಯುವ ಫೂಸ್‌ಬಾಲ್‌ಗೆ ಇಲ್ಲಿ ಜರ್ಮನಿಯಲ್ಲಿ ಕಿಕ್ಕರ್ ಅಂತಾರೆ. ಅಲ್ಲಿ ರಾಡನ್ನು ಗಿರಗಿರ ತಿರುಗಿಸಿದರೂ ಕೇಳುವವರಿರಲಿಲ್ಲ. ಇಲ್ಲಿ ಬಾಲಿಗೆ ಹೊಡೆಯುವ ಮೊದಲಾಗಲಿ ಆಮೇಲಾಗಲಿ 360 ಡಿಗ್ರಿ ದಾಟುವ ಹಾಗಿಲ್ಲ.

ನಾನು ಕಲಿತದ್ದು ಜೆಟ್. ಅಮೆರಿಕದವರ ಸ್ನೇಕ್ ಶಾಟ್ ಇದೇ. ಮೂರು ಗೊಂಬೆಗಳ ರಾಡಿನಲ್ಲಿ ನಡುವಿನ ಗೊಂಬೆಯ ಕಾಲಿನಿಂದ ಬಾಲನ್ನು ಮುಂದಿನಿಂದ ಒತ್ತಿ ನಿಲ್ಲಿಸಬೇಕು. ಹ್ಯಾಂಡಲ್‌ಗೆ ಮುಷ್ಟಿ ಹಾಕುವುದೇ ಇಲ್ಲ. ಬೆರಳುಗಳನ್ನು ಕೆಳಕ್ಕೆ ಜೋತುಬಿಟ್ಟು, ಮಣಿಕಟ್ಟಿನ ಒಳಭಾಗವನ್ನು ಹ್ಯಾಂಡಲ್‌ಗೆ ಸುಮ್ನೆ ಆನಿಸುವುದು. ಬಾಲ್ ಪಕ್ಕಕ್ಕೆ ಸರಿಯುತ್ತಿದ್ದಂತೆ ಕೈಯನ್ನು ಚಕ್ಕನೆ ಮೇಲಕ್ಕೆತ್ತಿದರೆ, ಚಪಾತಿ ಲಟ್ಟಣಿಗೆಯ ಹಾಗೆ ಹ್ಯಾಂಡಲ್ ಮಣಿಕಟ್ಟಿನಿಂದ ಅಂಗೈಗೆ ಉರುಳುತ್ತದೆ. ಗೊಂಬೆ ಹತ್ತಿರ ಹತ್ತಿರ ಒಂದು ಸುತ್ತು ಬಂದು ಹಿಂದಿನಿಂದ ಹೊಡೆಯುತ್ತದೆ. ಕೊನೆಯಲ್ಲಿ ಬೆರಳು ಮುಚ್ಚಿ ಹಿಡಿಯಬೇಕು, ಇಲ್ಲದಿದ್ದರೆ ರಾಡ್ ಇನ್ನೊಂದು ಸುತ್ತು ಹೋಗಿ ಫೌಲ್.

ಬಲ ಹಾಕಿದಷ್ಟೂ ಇದು ಕೆಡುತ್ತದೆ. ಮುಂಗೈ ಬಿಗಿಯಾದರೆ ಅದರ ಎರಡೂ ಬದಿಯ ಸ್ನಾಯುಗಳು ಒಂದರ ವಿರುದ್ಧ ಇನ್ನೊಂದು ಎಳೆದಾಡುತ್ತವೆ. ಮಣಿಕಟ್ಟು ಕಲ್ಲಾಗುತ್ತದೆ. ಬಾಲಿನ ಮೇಲೆ ಭಾರವೂ ಜಾಸ್ತಿ ಬಿದ್ದು, ಪಕ್ಕಕ್ಕೆ ಸರಿಯಬೇಕಾದ ಬಾಲ್ ಅಲ್ಲೇ ಅಂಟಿಕೊಳ್ಳುತ್ತದೆ.

ನಾನು ಮೊದಲು ಬಾಲ್ ಇಲ್ಲದೆ ಬರೀ ಉರುಳಿಸುವುದನ್ನು ನಿಧಾನವಾಗಿ ಮಾಡಿದೆ. ಆಮೇಲೆ ಬಾಲ್ ಇಟ್ಟು ಪಕ್ಕಕ್ಕೆ ಸರಿಸುವುದು ಮಾತ್ರ. ಎರಡನ್ನೂ ಸೇರಿಸಿದ್ದು ತೀರಾ ತಡವಾಗಿ, ಅದೇ ಸರಿ ಅಂತ ಈಗಲೂ ಅನ್ನಿಸುತ್ತದೆ. ಹ್ಯಾಂಡಲ್‌ಗೆ ರಬ್ಬರ್ ಹಿಡಿ ಸುತ್ತಿಕೊಂಡಿದ್ದು ದೊಡ್ಡ ಉಪಕಾರವಾಯಿತು. ಅದು ಜಾರುವುದಿಲ್ಲ, ಹಾಗಾಗಿ ಒತ್ತುವ ಆಸೆಯೂ ಹುಟ್ಟುವುದಿಲ್ಲ.

ಪಂದ್ಯದಲ್ಲಿ ಈ ಮೂರು ಗೊಂಬೆಗಳ ರಾಡಿನಲ್ಲಿ ಬಾಲ್ ಇಟ್ಟುಕೊಳ್ಳಲು 15 ಸೆಕೆಂಡ್ ಇರುತ್ತದೆ. ಅದು ಸಾಕಷ್ಟು ಸಮಯ, ಅವಸರ ಬೇಡ. ಮೊದಲು ಭುಜ ಇಳಿಸುತ್ತೇನೆ. ಆಮೇಲೆ ಎಡಗೈ ನೋಡಿಕೊಳ್ಳುತ್ತೇನೆ. ಐದು ಗೊಂಬೆಗಳ ರಾಡನ್ನು ಅದು ಗಟ್ಟಿಯಾಗಿ ಹಿಡಿದಿದ್ದರೆ ಬಲಗೈಯೂ ತನ್ನಷ್ಟಕ್ಕೆ ಬಿಗಿಯಾಗುತ್ತದೆ. ಉಸಿರು ಬಿಡುತ್ತಾ ಹೊಡೆಯುತ್ತೇನೆ.

ಚೆನ್ನಾಗಿ ಆಡುವ ಎದುರಾಳಿ ಗೋಲ್‌ಕೀಪರ್‌ಗಳು ಬಾಲಿನ ಜೊತೆ ನಮ್ಮ ಮುಂಗೈಯನ್ನೂ ಗಮನಿಸುತ್ತಾರೆ. ನರ ಉಬ್ಬಿತೋ, ಶಾಟ್ ಬಂತು ಅಂತ ಅವರಿಗೆ ಗೊತ್ತು. ತುಂಬು ತೋಳಿನ ಅಂಗಿ ಹಾಕಿ ಮುಚ್ಚೋಣ ಅಂದರೆ ಬಟ್ಟೆ ಹ್ಯಾಂಡಲ್‌ಗೆ ಸಿಕ್ಕಿಕೊಳ್ಳುತ್ತದೆ!