ಗುಹೆಗೆ ಅಗ್ಗದ ಹೆಡ್‌ಲ್ಯಾಂಪ್ ಕೊಳ್ಳುವ ಮುಂಚೆ

ಡಬ್ಬಿ ಮೇಲಿನ ಲೂಮೆನ್ (ಬೆಳಕಿನ ಅಳತೆ) ಸಂಖ್ಯೆಗೆ ಮರುಳಾಗಬೇಡಿ. ಅಷ್ಟು ಬೆಳಕು ಸಾಮಾನ್ಯವಾಗಿ ಮೊದಲ ಕೆಲವು ನಿಮಿಷ ಮಾತ್ರ. ಗುಹೆಯಲ್ಲಿ ಗೋಡೆ ಹತ್ತಿರವೇ ಇರುತ್ತದೆ ಅಲ್ವಾ? ನಡೆಯಲು 200 ಲೂಮೆನ್ ಸಾಕು, ಆದರೆ ಬೆಳಕು ಅಗಲವಾಗಿ ಹರಡಬೇಕು. ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ದೀಪ ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಗುರುತು ಐಪಿಎಕ್ಸ್. ಐಪಿಎಕ್ಸ್4 ಬರೀ ಎರಚಲು ತಡೆಯುತ್ತದೆ. ಐಪಿಎಕ್ಸ್7 ಆದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆದುಕೊಳ್ಳುತ್ತದೆ. ಬ್ಯಾಟರಿ ಬದಲಾಯಿಸಲು ಬರುವಂಥದ್ದೇ ಇರಲಿ. ಕೈಗವಸು ಹಾಕಿಕೊಂಡೇ ಸ್ವಿಚ್ ಒತ್ತಿ ನೋಡಿ. ನಾನು ಸುಮ್ನೆ ಅಂದ ನೋಡಿ ತಂದ ಒಂದರ ಗುಂಡಿ, ಕೈಗವಸು ಬಿಚ್ಚದೆ ಸಿಗುತ್ತಲೇ ಇರಲಿಲ್ಲ. ಉಳಿದ ದುಡ್ಡಿಗೆ ಎರಡು ಸಾದಾ ದೀಪ ಕೊಳ್ಳಿ. ಒಬ್ಬೊಬ್ಬರ ಬಳಿ ಮೂರು ದೀಪ ಇರಬೇಕು ಎನ್ನುವುದು ಗುಹೆಗೆ ಇಳಿಯುವವರ ಹಳೇ ನಿಯಮ.